ಹಿಮೋಫಿಲಿಯಾ ಇರುವ ಮಗುವಿಗೆ ಫ್ಯಾಕ್ಟರ್ ಹೊಂದಿಸುವುದು: ಮಂಗಳೂರು, ಉಡುಪಿ ಕಡೆಯ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕುಸುಮ ರೋಗ ಇದೆ ಎಂದು ಗೊತ್ತಾದ ಮೇಲೆ ಮನೆಯವರನ್ನು ಹೆಚ್ಚು ಕಾಡುವುದು ಔಷಧದ ಚಿಂತೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನಿನ ಇಂಜೆಕ್ಷನ್, ಅಂದರೆ ಫ್ಯಾಕ್ಟರ್, ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲೂ ವರ್ಷವಿಡೀ ಇರುತ್ತದೆಂಬ ಖಾತ್ರಿಯಿಲ್ಲ. ಒಳಗೆ ರಕ್ತ ಸೋರಿ ಮಂಡಿ ಊದಿಕೊಂಡ ರಾತ್ರಿ ಹುಡುಕಲು ಹೊರಟರೆ ಹೊತ್ತು ಹುಡುಕಾಟದಲ್ಲೇ ಕಳೆಯುತ್ತದೆ, ಕೀಲು ಅಷ್ಟರಲ್ಲಿ ಹಾಳಾಗಿರುತ್ತದೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು ಮಗು ಚೆನ್ನಾಗಿರುವ ದಿನಗಳಲ್ಲಿ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳ ಬಗ್ಗೆ ಇವೆ. ಡೋಸ್‌ಗಳ ಲೆಕ್ಕ ಕೊಟ್ಟಿರುವುದು ನೀವು ಅರ್ಥ ಮಾಡಿಕೊಂಡು ವೈದ್ಯರ ಜತೆ ಮಾತಾಡಲಿ ಎಂದು. ನಿಮ್ಮ ಮಗುವಿನ ಡೋಸ್ ನಿಮ್ಮ ವೈದ್ಯರು ಬರೆದುಕೊಟ್ಟದ್ದೇ.

ಮಗುವಿನ ರಕ್ತದಲ್ಲಿ ಏನು ಕಡಿಮೆ ಇದೆ?

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಒಂದು. ಎಂಟನೆಯ ಫ್ಯಾಕ್ಟರ್ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಮಟ್ಟ ಶೇ. 1ಕ್ಕಿಂತ ಕಡಿಮೆಯಿದ್ದರೆ ತೀವ್ರ, 1ರಿಂದ 5ರೊಳಗಿದ್ದರೆ ಮಧ್ಯಮ, 5ರಿಂದ 40ರೊಳಗಿದ್ದರೆ ಸೌಮ್ಯ. ತೀವ್ರ ವಿಧದ ಮಕ್ಕಳಿಗೆ ಪೆಟ್ಟಾಗದಿದ್ದರೂ ಮಂಡಿ, ಮೊಣಕೈ, ಕಾಲಿನ ಹರಡಿನ ಒಳಗೆ ರಕ್ತ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಇದನ್ನು ಮೊದಲು ಉಳುಕು ಎಂದುಕೊಳ್ಳುತ್ತಾರೆ.

ಪರೀಕ್ಷೆ ಒಂದು ಸಲ ಆಗಿದೆ. ಮತ್ತೆ ಮಾಡಿಸಬೇಕೇ?

ವರದಿಯಲ್ಲಿ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ಹೆಚ್ಚಿದೆ ಎಂದಷ್ಟೇ ಇದ್ದರೆ ಸಾಲದು. ಫ್ಯಾಕ್ಟರ್ ಮಟ್ಟ ಶೇಕಡಾ ಲೆಕ್ಕದಲ್ಲಿ ಬರೆದಿರಬೇಕು. ಮುಂದೆ ಸರ್ಕಾರಿ ನೋಂದಣಿ, ಅಂಗವಿಕಲರ ಕಾರ್ಡ್, ಬೇರೆ ಊರಿನ ತಜ್ಞರ ಭೇಟಿ, ಎಲ್ಲದಕ್ಕೂ ಕೇಳುವುದು ಆ ಒಂದು ಅಂಕಿಯನ್ನೇ.

ಈ ಪರೀಕ್ಷೆ ಸುಲಭವಾಗಿ ಕೆಡುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಬೇಕು. ಸಣ್ಣ ಮಗುವಿನ ನರ ಸಿಗದೆ ಟ್ಯೂಬನ್ನು ಅರ್ಧಕ್ಕೇ ಬಿಟ್ಟರೆ ಸಿಟ್ರೇಟ್ ಹೆಚ್ಚಾಗಿ ಫಲಿತಾಂಶ ತಪ್ಪುತ್ತದೆ. ರಕ್ತ ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆಯಾಗಬೇಕು, ಇಲ್ಲವೇ ಪ್ಲಾಸ್ಮಾ (ರಕ್ತದ ದ್ರವಭಾಗ) ಬೇರ್ಪಡಿಸಿ ಫ್ರೀಜ್ ಮಾಡಿ ಕಳುಹಿಸಬೇಕು. ಹಾಗಾಗಿ ಕುಂದಾಪುರದಲ್ಲೋ ಸುಳ್ಯದಲ್ಲೋ ರಕ್ತ ತೆಗೆಸಿ ಮಾದರಿಯನ್ನು ದೂರ ಕಳುಹಿಸುವ ಬದಲು ಮಗುವನ್ನೇ ಪರೀಕ್ಷೆ ನಡೆಯುವ ಆಸ್ಪತ್ರೆಗೆ ಕರೆದೊಯ್ಯುವುದು ಒಳ್ಳೆಯದು. ಎಂಟನೆಯ ಫ್ಯಾಕ್ಟರ್ ಸ್ವಲ್ಪ ಮಾತ್ರ ಕಡಿಮೆಯಿದ್ದರೆ, ಅಥವಾ ರೋಗಿ ಹೆಣ್ಣುಮಗುವಾಗಿದ್ದರೆ, ರಕ್ತ ಸೋರುವ ಇನ್ನೊಂದು ರೋಗವಾದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಪರೀಕ್ಷೆಯನ್ನೂ ಕೇಳಿ. ಅದರ ಚಿಕಿತ್ಸೆ ಬೇರೆ.

ಉಚಿತ ಫ್ಯಾಕ್ಟರ್ ಎಲ್ಲಿ ಕೇಳಬೇಕು?

ಕರ್ನಾಟಕದಲ್ಲಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳ ಮೂಲಕ ಫ್ಯಾಕ್ಟರನ್ನು ಉಚಿತವಾಗಿ ಕೊಡುತ್ತದೆ. ದಕ್ಷಿಣ ಕನ್ನಡದವರು ಮಂಗಳೂರಿನ ಹಂಪನಕಟ್ಟೆಯ ವೆನ್ಲಾಕ್‌ನಲ್ಲಿ, ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಹೋಗುವಾಗ ಫ್ಯಾಕ್ಟರ್ ಮಟ್ಟದ ವರದಿ, ರಕ್ತದ ಗುಂಪು, ಮಗುವಿನ ಮತ್ತು ಹೆತ್ತವರಲ್ಲಿ ಒಬ್ಬರ ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ, ಹಳೆಯ ಡಿಸ್ಚಾರ್ಜ್ ಸಾರಾಂಶಗಳು ಕೈಯಲ್ಲಿರಲಿ. ಎಲ್ಲದರದ್ದೂ ಎರಡೆರಡು ಜೆರಾಕ್ಸ್. ಓಪಿಡಿ ಚೀಟಿ ಮಾಡಿಸಿ ಮಕ್ಕಳ ವಿಭಾಗದ ವೈದ್ಯರನ್ನು ಕಾಣಿ. ಮಗುವಿನ ಹೆಸರನ್ನು ಹಿಮೋಫಿಲಿಯಾ ರಿಜಿಸ್ಟರಿನಲ್ಲಿ ಸೇರಿಸಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ, ಕ್ರಮಸಂಖ್ಯೆ ಬರೆದುಕೊಳ್ಳಿ. ಒಮ್ಮೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ನೋಂದಣಿ ಆಯಿತು ಎಂದುಕೊಳ್ಳಬೇಡಿ.

ಈ ರಿಜಿಸ್ಟರಿನ ಮಹತ್ವ ಹಲವರಿಗೆ ತಿಳಿದಿಲ್ಲ. ಆಸ್ಪತ್ರೆ ಮುಂದಿನ ಅವಧಿಗೆ ಎಷ್ಟು ಫ್ಯಾಕ್ಟರ್ ಬೇಕೆಂದು ಇಂಡೆಂಟ್ ಕಳುಹಿಸುವಾಗ ನೋಡುವುದು ಎಷ್ಟು ರೋಗಿಗಳಿದ್ದಾರೆ, ಹೋದ ಸಲ ಎಷ್ಟು ಖರ್ಚಾಗಿದೆ ಎಂಬುದನ್ನು. ಹೆಸರಿಲ್ಲದ ಮಗುವಿಗೆ ಯಾರೂ ಔಷಧ ತರಿಸುವುದಿಲ್ಲ.

ನಾವು ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬೇಕೇ?

ಬೇಕು. ತಜ್ಞರ ಸಲಹೆ ಎಲ್ಲಿಂದ ಬೇಕಾದರೂ ಪಡೆಯಿರಿ. ಮಣಿಪಾಲ, ಮಂಗಳೂರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಬರವಿಲ್ಲ. ಆದರೆ ಸರ್ಕಾರಿ ಫ್ಯಾಕ್ಟರ್ ಬರುವ ದಾರಿ ಜಿಲ್ಲಾ ಆಸ್ಪತ್ರೆಯದು. ಖಾಸಗಿ ತಜ್ಞರಿಂದ ರೋಗದ ವಿಧ, ತೀವ್ರತೆ, ತೂಕ, ಶಿಫಾರಸು ಮಾಡಿದ ಡೋಸ್ ಇರುವ ಒಂದು ಪುಟದ ಪತ್ರ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಯ ಕಡತಕ್ಕೆ ಸೇರಿಸಿ. ಹಿಮೋಫಿಲಿಯಾ ಫೆಡರೇಶನ್ ಆಫ್ ಇಂಡಿಯಾದ ಹತ್ತಿರದ ಶಾಖೆಯಲ್ಲೂ ಹೆಸರು ಬರೆಸಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ಇದೆ. ವಿಶ್ವ ಹಿಮೋಫಿಲಿಯಾ ಒಕ್ಕೂಟ ನೆರವಾಗಿ ಕೊಡುವ ಫ್ಯಾಕ್ಟರ್ ಇಂಥ ಸಂಘಟನೆಗಳ ಮೂಲಕ ರೋಗಿಗಳನ್ನು ತಲುಪುತ್ತದೆ.

ಒಂದು ಸಲಕ್ಕೆ ಎಷ್ಟು ಯೂನಿಟ್ ಬೇಕಾಗುತ್ತದೆ?

ಲೆಕ್ಕ ಸರಳ, ಹೆತ್ತವರಿಬ್ಬರಿಗೂ ಗೊತ್ತಿರಲೇಬೇಕು. ಎಂಟನೆಯ ಫ್ಯಾಕ್ಟರನ್ನು ಕೆ.ಜಿ. ತೂಕಕ್ಕೆ 1 ಯೂನಿಟ್ ಕೊಟ್ಟರೆ ರಕ್ತದ ಮಟ್ಟ ಸುಮಾರು ಶೇ. 2 ಏರುತ್ತದೆ. ಆದ್ದರಿಂದ ತೂಕವನ್ನು ಏರಿಸಬೇಕಾದ ಶೇಕಡಾದಿಂದ ಗುಣಿಸಿ, ಅರ್ಧ ಮಾಡಿ. 14 ಕೆ.ಜಿ. ಮಗುವಿನ ಮಂಡಿಯಲ್ಲಿ ರಕ್ತ ಸೇರಿದೆ, ಮಟ್ಟವನ್ನು ಶೇ. 40ಕ್ಕೆ ತರಬೇಕು ಎಂದರೆ 14 × 40 ÷ 2 = 280 ಯೂನಿಟ್. ತಲೆಗೆ ಪೆಟ್ಟಾಗಿ ಶೇ. 100ಕ್ಕೆ ಏರಿಸಬೇಕಾದರೆ 700 ಯೂನಿಟ್.

ಒಂಬತ್ತನೆಯ ಫ್ಯಾಕ್ಟರಿಗೆ ಅರ್ಧ ಮಾಡಬಾರದು. ಅಲ್ಲಿ ಕೆ.ಜಿ.ಗೆ 1 ಯೂನಿಟ್ ಕೊಟ್ಟರೆ ಏರುವುದು ಸುಮಾರು ಶೇ. 1. ರಿಕಾಂಬಿನಂಟ್ (ರಕ್ತದಿಂದಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಿದ) ಒಂಬತ್ತಾದರೆ ಮಕ್ಕಳಲ್ಲಿ ಅದಕ್ಕಿಂತಲೂ ಕಡಿಮೆ ಏರುವುದರಿಂದ ಇನ್ನೂ ಹೆಚ್ಚು ಬೇಕಾಗುತ್ತದೆ.

ಎಂಟನೆಯ ಫ್ಯಾಕ್ಟರ್ 250, 500, 1000 ಯೂನಿಟ್‌ಗಳ ವಯಲ್‌ಗಳಲ್ಲಿ ಬರುತ್ತದೆ. ತೆರೆದ ವಯಲ್‌ನಲ್ಲಿ ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಹಾಗಾಗಿ ಡೋಸನ್ನು ಹತ್ತಿರದ ಪೂರ್ತಿ ವಯಲ್‌ಗೆ ಹೊಂದಿಸುವುದು ವಾಡಿಕೆ. ಮೇಲಿನ 700 ಯೂನಿಟ್‌ಗೆ ಒಂದು 500ರದ್ದು, ಒಂದು 250ರದ್ದು. ಎಂಟನೆಯ ಫ್ಯಾಕ್ಟರ್ 8ರಿಂದ 12 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ, ಪುಟ್ಟ ಮಕ್ಕಳಲ್ಲಿ ಇನ್ನೂ ಬೇಗ. ಒಂದೇ ಡೋಸ್ ಹಾಕಿ ಕಳುಹಿಸಿದರೆ ಎರಡನೆಯದು ಯಾವಾಗ, ಅದಕ್ಕೆ ವಯಲ್ ಇದೆಯೇ ಎಂದು ಹೊರಡುವ ಮೊದಲೇ ಕೇಳಿ.

‘ಸ್ಟಾಕ್ ಇಲ್ಲ’ ಎಂದರೆ ಏನು ಮಾಡುವುದು?

ಮೊದಲು ಯಾವುದು ಇಲ್ಲ ಎಂದು ಬಿಡಿಸಿ ಕೇಳಿ. ಎಂಟು ಇಲ್ಲವೋ, ಒಂಬತ್ತು ಇಲ್ಲವೋ? 250ರ ವಯಲ್ ಮಾತ್ರ ಮುಗಿದಿದೆಯೋ? 500ರದ್ದು ಇದ್ದರೆ, ಮಗುವಿಗೆ 280 ಬೇಕಿದ್ದರೂ ವೈದ್ಯರು ಅದನ್ನು ಕೊಡಲು ಒಪ್ಪಬಹುದು. ವಾರ್ಡಿನ ಫ್ರಿಜ್‌ನಲ್ಲಿ ಇಲ್ಲದ್ದು ಮುಖ್ಯ ಔಷಧ ಉಗ್ರಾಣದಲ್ಲಿ ಇರುವುದುಂಟು. ರಾತ್ರಿ ಪಾಳಿಯವರಿಗೆ ಉಗ್ರಾಣದ ಬೀಗದ ಕೈ ಸಿಗದೆ ‘ಇಲ್ಲ’ ಎಂಬ ಉತ್ತರ ಬಂದಿರುವ ಸಾಧ್ಯತೆಯೂ ಇದೆ. ಡ್ಯೂಟಿ ವೈದ್ಯರ ಮೂಲಕ ಆಸ್ಪತ್ರೆಯ ಸ್ಥಾನಿಕ ವೈದ್ಯಾಧಿಕಾರಿಯಾದ ಆರ್‌ಎಂಒಗೆ ಫೋನ್ ಮಾಡಿಸಿ.

ನಿಜವಾಗಿ ಮುಗಿದಿದ್ದರೆ ಪಕ್ಕದ ಜಿಲ್ಲಾ ಆಸ್ಪತ್ರೆಯಲ್ಲಿ ಇದೆಯೇ ಎಂದು ವೈದ್ಯರೇ ವಿಚಾರಿಸುವಂತೆ ಕೇಳಿಕೊಳ್ಳಿ. ನೀವು ಫೋನ್ ಮಾಡಿದರೆ ಸಿಗದ ಉತ್ತರ ವೈದ್ಯರಿಗೆ ಸಿಗುತ್ತದೆ. ಮಂಗಳೂರು, ಉಡುಪಿ ನಡುವೆ ಸುಮಾರು 60 ಕಿ.ಮೀ. ಮಾತ್ರ. ಇಲ್ಲಿ ಮುಗಿದಾಗ ಅಲ್ಲಿ ಇರುವ ಸಾಧ್ಯತೆಯನ್ನು ಕೈಬಿಡಬೇಡಿ. ಆದರೆ ವೈದ್ಯರ ಪತ್ರವಿಲ್ಲದೆ, ‘ಇದೆ’ ಎಂದು ಖಚಿತವಾಗದೆ ರಕ್ತ ಸೋರುತ್ತಿರುವ ಮಗುವನ್ನು ಸರ್ವಿಸ್ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಡಬೇಡಿ.

ಇದೇ ಹೊತ್ತಿಗೆ ಮನೆಯ ಇನ್ನೊಬ್ಬರು ಹಿಮೋಫಿಲಿಯಾ ಶಾಖೆಗೆ ಫೋನ್ ಮಾಡಲಿ. ಹೇಳಬೇಕಾದದ್ದು ಐದೇ ವಿಷಯ: ಎ ಅಥವಾ ಬಿ, ತೂಕ, ಎಲ್ಲಿ ರಕ್ತಸ್ರಾವ, ಇನ್ಹಿಬಿಟರ್ (ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ ಪ್ರತಿಕಾಯ) ಇದೆಯೋ ಇಲ್ಲವೋ, ಯಾವ ಆಸ್ಪತ್ರೆಯಲ್ಲಿದ್ದೀರಿ. ಗಾಬರಿಯಲ್ಲಿ ಕಥೆ ಹೇಳುತ್ತಾ ಹೋದರೆ ಇವೇ ಬಿಟ್ಟುಹೋಗುತ್ತವೆ. ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ ಇಟ್ಟಿರಿ.

ಆ ದಿನದ ಕಷ್ಟ ಕಳೆದ ಮೇಲೆ ಸುಮ್ಮನಾಗಬೇಡಿ. ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಅರ್ಜಿ ಬರೆದು, ಜಿಲ್ಲಾ ಆರೋಗ್ಯಾಧಿಕಾರಿಗೆ ಪ್ರತಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಯಾವ ದಿನ ಔಷಧ ಸಿಗಲಿಲ್ಲ, ನೋಂದಣಿ ಸಂಖ್ಯೆ ಎಷ್ಟು, ಮಗುವಿಗೆ ತಿಂಗಳಿಗೆ ಎಷ್ಟು ವಯಲ್ ಬೇಕು, ಇಂಡೆಂಟ್ ಯಾವಾಗ ಹೋಗಿದೆ ಎಂಬ ಪ್ರಶ್ನೆ, ಇಷ್ಟು ಸಾಕು. ಸಿಬ್ಬಂದಿಯನ್ನು ಬೈಯುವ ಸಾಲುಗಳು ಬೇಡ. ಔಷಧ ಕೊಡಲು ಮನಸ್ಸಿದ್ದ ನರ್ಸ್ ಕೂಡ ಟೆಂಡರ್ ತಡವಾದಾಗ ಕೈಕಟ್ಟಿ ನಿಲ್ಲಬೇಕಾಗುತ್ತದೆ. ನಿಮ್ಮ ಅರ್ಜಿ ಮುಂದಿನ ಇಂಡೆಂಟ್‌ಗೆ ಆಧಾರವಾಗಲಿ. ಆರೋಗ್ಯ ಸಹಾಯವಾಣಿ 104ರಲ್ಲೂ ದೂರು ದಾಖಲಿಸಬಹುದು.

ಫ್ಯಾಕ್ಟರ್ ಸಿಗದಿದ್ದರೆ ಕ್ರಯೋ, ಪ್ಲಾಸ್ಮಾ ಕೊಡಿಸಬಹುದೇ?

ಕೈಯಲ್ಲಿ ಬೇರೇನೂ ಇಲ್ಲದಾಗ ಕೊಡಿಸಬೇಕು. ಹಿಮೋಫಿಲಿಯಾ ಎ ಇದ್ದರೆ ಕ್ರಯೋಪ್ರೆಸಿಪಿಟೇಟ್ (ಕ್ರಯೋ), ಅಂದರೆ ಪ್ಲಾಸ್ಮಾದಿಂದ ಬೇರ್ಪಡಿಸಿದ, ಎಂಟನೆಯ ಫ್ಯಾಕ್ಟರ್ ಹೆಚ್ಚಿರುವ ಭಾಗ. ಒಂದು ಚೀಲದಲ್ಲಿ ಸುಮಾರು 70ರಿಂದ 80 ಯೂನಿಟ್ ಎಂಟನೆಯ ಫ್ಯಾಕ್ಟರ್ ಇರುತ್ತದೆ. ಮೇಲಿನ 280 ಯೂನಿಟ್‌ಗೆ 4 ಚೀಲ, 700ಕ್ಕೆ 9ರಿಂದ 10 ಚೀಲ ಬೇಕು. ಬ್ಲಡ್ ಬ್ಯಾಂಕಿನಲ್ಲಿ ಅದನ್ನು ಕರಗಿಸಿ ಕೊಡಲು ಸಮಯ ಹಿಡಿಯುವುದರಿಂದ ಮೊದಲೇ ಫೋನ್ ಮಾಡಿಸಿ.

ಹಿಮೋಫಿಲಿಯಾ ಬಿ ಇರುವ ಮಗುವಿಗೆ ಕ್ರಯೋದಿಂದ ಉಪಯೋಗವಿಲ್ಲ. ಅದರಲ್ಲಿ ಒಂಬತ್ತನೆಯ ಫ್ಯಾಕ್ಟರ್ ಇರುವುದಿಲ್ಲ. ಎ, ಬಿ ಗೊತ್ತಿಲ್ಲದ ಹೊಸ ವೈದ್ಯರಿರುವ ಕಡೆ ಈ ತಪ್ಪಾಗದಂತೆ ನೀವೇ ಹೇಳಬೇಕು. ಬಿ ಇದ್ದರೆ ಫ್ರೀಜ್ ಮಾಡಿಟ್ಟ ತಾಜಾ ಪ್ಲಾಸ್ಮಾ ಕೆ.ಜಿ.ಗೆ 15ರಿಂದ 20 ಮಿ.ಲೀ. ಕೊಡುತ್ತಾರೆ, ಅಂದರೆ 14 ಕೆ.ಜಿ. ಮಗುವಿಗೆ 210ರಿಂದ 280 ಮಿ.ಲೀ. ಅಷ್ಟು ದ್ರವ ಒಳಗೆ ಹೋದರೂ ಮಟ್ಟ ಏರುವುದು ಸ್ವಲ್ಪ ಮಾತ್ರ, ಹೆಚ್ಚು ಕೊಟ್ಟರೆ ಹೃದಯ ಮತ್ತು ಶ್ವಾಸಕೋಶಗಳಿಗೆ ಭಾರ.

ವೈರಸ್ ನಾಶಗೊಳಿಸುವ ಸಂಸ್ಕರಣೆ ಆಗಿರದ ಕ್ರಯೋ, ಪ್ಲಾಸ್ಮಾಗಳಲ್ಲಿ ಸೋಂಕಿನ ಅಪಾಯ ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿ.

ತಲೆಗೆ ಪೆಟ್ಟಾದರೆ ಸ್ಕ್ಯಾನ್ ಬರುವವರೆಗೆ ಕಾಯಬೇಕೇ?

ಖಂಡಿತ ಬೇಡ. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಮಗು ನಗುತ್ತಾ ಆಡುತ್ತಿದ್ದರೂ ಇದೇ ಕ್ರಮ. ಕುತ್ತಿಗೆ, ಗಂಟಲು, ಹೊಟ್ಟೆಯ ಒಳಗಿನ ರಕ್ತಸ್ರಾವಕ್ಕೂ ಹಾಗೆಯೇ. ತೊಡೆಯ ಸಂದಿಯಲ್ಲಿ ನೋವು, ಕಾಲು ಚಾಚಲು ಆಗದಿರುವುದು ಸೊಂಟದ ಒಳಸ್ನಾಯುವಿನ ರಕ್ತಸ್ರಾವದ ಲಕ್ಷಣ. ಬಲಗಡೆ ಆದಾಗ ಇದನ್ನು ಅಪೆಂಡಿಕ್ಸ್ ಎಂದುಕೊಂಡು ಆಪರೇಷನ್‌ಗೆ ಒಯ್ಯುವ ಅಪಾಯವಿದೆ. 108ಕ್ಕೆ ಕರೆ ಮಾಡುವಾಗಲೇ ‘ಹಿಮೋಫಿಲಿಯಾ ಮಗು, ಫ್ಯಾಕ್ಟರ್ ಇರುವ ಆಸ್ಪತ್ರೆಗೇ ಹೋಗಬೇಕು’ ಎಂದು ಹೇಳಿ. ಮನೆಯಲ್ಲಿ ವಯಲ್ ಇದ್ದರೆ ಅದನ್ನು ಜತೆಗೇ ಒಯ್ಯಿರಿ.

ರಕ್ತಸ್ರಾವ ಆದಾಗ ಮಾತ್ರ ಕೊಟ್ಟರೆ ಸಾಲದೇ? ಔಷಧ ಹೇಗೂ ಕಡಿಮೆ ಇದೆಯಲ್ಲ?

ಔಷಧ ಕಡಿಮೆ ಇರುವುದರಿಂದಲೇ ಈ ಪ್ರಶ್ನೆಯನ್ನು ಸರಿಯಾಗಿ ಯೋಚಿಸಬೇಕು. ಕೀಲಿನೊಳಗೆ ರಕ್ತ ಸೋರಿದಾಗ ಅದರ ಕಬ್ಬಿಣದ ಅಂಶ ಒಳಪೊರೆಯನ್ನು ಕೆರಳಿಸುತ್ತದೆ. ಕೆರಳಿದ ಪೊರೆ ದಪ್ಪವಾಗಿ ಮತ್ತೆ ಸುಲಭವಾಗಿ ರಕ್ತ ಸೋರುತ್ತದೆ. ಒಂದೇ ಮಂಡಿಗೆ ಮತ್ತೆ ಮತ್ತೆ ಹೀಗಾದರೆ ಮೃದ್ವಸ್ಥಿ ಸವೆದು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಾಲು ಮಡಚಿಕೊಂಡೇ ಉಳಿಯುತ್ತದೆ. ಆಮೇಲೆ ಎಷ್ಟು ಫ್ಯಾಕ್ಟರ್ ಕೊಟ್ಟರೂ ಹಾಳಾದ ಕೀಲು ಮೊದಲಿನಂತಾಗುವುದಿಲ್ಲ.

ಮುಂಜಾಗ್ರತೆಯಾಗಿ ವಾರದಲ್ಲಿ ಎರಡು ಮೂರು ದಿನ ಕೊಡುವುದಕ್ಕೆ ಪ್ರೊಫೈಲ್ಯಾಕ್ಸಿಸ್ ಎನ್ನುತ್ತಾರೆ. ಕಡಿಮೆ ಡೋಸಿನ ಪದ್ಧತಿಯಲ್ಲಿ ಎಂಟನೆಯ ಫ್ಯಾಕ್ಟರ್ ಕೆ.ಜಿ.ಗೆ 10ರಿಂದ 15 ಯೂನಿಟ್ ಸಾಕು. 14 ಕೆ.ಜಿ. ಮಗುವಿಗೆ 140ರಿಂದ 210 ಬರುತ್ತದೆ. ಒಂದು 250ರ ವಯಲ್ ಪೂರ್ತಿ ಕೊಡಬಹುದು. ವಾರಕ್ಕೆ ಎರಡರಂತೆ ವರ್ಷಕ್ಕೆ 104 ವಯಲ್, ಅಂದರೆ 26,000 ಯೂನಿಟ್. ಈ ಅಂಕಿಯನ್ನು ವೈದ್ಯರಿಂದ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಕೊಡಿ. ‘ನಮ್ಮ ಮಗುವಿಗೆ ಔಷಧ ಬೇಕು’ ಎಂಬ ಮಾತಿಗಿಂತ ‘ವರ್ಷಕ್ಕೆ 250ರ 104 ವಯಲ್ ಬೇಕು’ ಎಂಬ ಬರಹ ಇಂಡೆಂಟ್ ಮಾಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪೆಟ್ಟು, ಹಲ್ಲಿನ ಚಿಕಿತ್ಸೆ ಇತ್ಯಾದಿಗೆ ಅದರ ಮೇಲೆ ಸ್ವಲ್ಪ ಸೇರಿಸಿ ಬರೆಸಿ. ತೂಕ ಏರಿದಂತೆ ಆರು ತಿಂಗಳಿಗೊಮ್ಮೆ ಲೆಕ್ಕ ಹೊಸದಾಗಿ ಹಾಕಿ.

ವಯಲ್‌ಗಳನ್ನು ಮನೆಯಲ್ಲಿ ಇಡಬಹುದೇ?

ಆಸ್ಪತ್ರೆ ಕೊಟ್ಟರೆ ಇಡಬಹುದು, ಇಡುವುದು ಒಳ್ಳೆಯದು. ಕೆಲವು ಕಡೆ ಖಾಲಿ ವಯಲ್ ಮತ್ತು ಬರೆದ ದಾಖಲೆ ವಾಪಸ್ ತಂದರೆ ಮುಂದಿನದು ಕೊಡುತ್ತಾರೆ. ಕನಿಷ್ಠ ಪಕ್ಷ ತಲೆಯ ಪೆಟ್ಟಿಗೆ ಬೇಕಾಗುವ ಒಂದು ಪೂರ್ತಿ ಡೋಸ್ ಮನೆಯಲ್ಲಿರಲಿ ಎಂದು ಕೇಳಿಕೊಳ್ಳಿ. ಬೆಳ್ತಂಗಡಿ, ಹೆಬ್ರಿ, ಬೈಂದೂರಿನಂಥ ದೂರದ ಊರಿನವರಿಗೆ ಇದು ತೀರಾ ಅಗತ್ಯ.

2ರಿಂದ 8 ಡಿಗ್ರಿ ತಂಪಿರಬೇಕು. ಫ್ರಿಜ್‌ನ ಮಧ್ಯದ ತಟ್ಟೆಯಲ್ಲಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಬಾಗಿಲಿನಲ್ಲಿ ಇಟ್ಟರೆ ತೆರೆದಾಗಲೆಲ್ಲ ಬಿಸಿಯಾಗುತ್ತದೆ, ಫ್ರೀಜರಿಗೆ ತಾಗಿದರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದನ್ನು ಬಳಸುವಂತಿಲ್ಲ. ಕೆಲವು ಬ್ರ್ಯಾಂಡ್‌ಗಳನ್ನು ನಿಗದಿತ ಕಾಲ ಹೊರಗಿಡಬಹುದು. ಪೆಟ್ಟಿಗೆಯೊಳಗಿನ ಕಾಗದ ನೋಡಿ, ಹೊರತೆಗೆದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆಯಿರಿ. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಕೋಣೆಯ ಉಷ್ಣತೆ ಆ ಮಿತಿ ಮೀರುತ್ತದೆ ಎಂಬುದು ನೆನಪಿರಲಿ.

ಸಾಗಿಸುವಾಗ ಥರ್ಮಾಕೋಲ್ ಪೆಟ್ಟಿಗೆ, ಐಸ್ ಜೆಲ್ ಪ್ಯಾಕ್, ಪ್ಯಾಕಿಗೂ ವಯಲಿಗೂ ನಡುವೆ ದಪ್ಪಗೆ ಸುತ್ತಿದ ನ್ಯೂಸ್‌ಪೇಪರ್. ವಯಲ್ ನೇರವಾಗಿ ಐಸಿಗೆ ತಾಗಬಾರದು.

ಮಳೆಗಾಲಕ್ಕೆ ಪ್ರತ್ಯೇಕ ತಯಾರಿ ಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಬೆಂಗಳೂರಿನಿಂದ ಬರುವ ಸಾಮಾನು ತಡವಾಗುತ್ತದೆ. ಹಳ್ಳಿಗಳಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಮೇ ಕೊನೆಯೊಳಗೆ ಆಸ್ಪತ್ರೆಯ ದಾಸ್ತಾನು ವಿಚಾರಿಸಿ. ಕರೆಂಟು ಹೋದರೆ ವಯಲ್ ಇಡಲು ಇನ್ವರ್ಟರ್ ಇರುವ ಮನೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ ಸಿಗುತ್ತದೆಯೇ ಎಂದು ಮಳೆ ಶುರುವಾಗುವ ಮುಂಚೆ ಮಾತಾಡಿಟ್ಟುಕೊಳ್ಳಿ.

ಮನೆಯಲ್ಲೇ ಇಂಜೆಕ್ಷನ್ ಹಾಕಲು ಕಲಿಯಬಹುದೇ?

ಕಲಿಯಬಹುದು, ಆದರೆ ಆಸ್ಪತ್ರೆಯ ನರ್ಸ್ ಎದುರು ಹಲವು ಸಲ ಮಾಡಿ ಅವರು ಒಪ್ಪಿದ ಮೇಲೆಯೇ. ಹಿಮೋಫಿಲಿಯಾ ಬಿ ಮಕ್ಕಳಲ್ಲಿ ತೀವ್ರ ಅಲರ್ಜಿಯ ಸಾಧ್ಯತೆ ಇರುವುದರಿಂದ ಮೊದಲ 10ರಿಂದ 20 ಡೋಸ್ ಆಸ್ಪತ್ರೆಯಲ್ಲೇ ಆಗಬೇಕು.

ಪುಡಿ ಮತ್ತು ದ್ರಾವಕ ಎರಡನ್ನೂ ಫ್ರಿಜ್‌ನಿಂದ ತೆಗೆದು ಕೋಣೆಯ ಉಷ್ಣತೆಗೆ ಬರಲು ಬಿಡಿ. ಬಿಸಿನೀರಿಗೆ ಹಾಕಬೇಡಿ. ಜತೆಗೆ ಬಂದ ದ್ರಾವಕವನ್ನೇ ಬಳಸಿ, ಇನ್ನೊಂದು ಪೆಟ್ಟಿಗೆಯದ್ದು ಬೇಡ. ದ್ರಾವಕ ವಯಲ್‌ನ ಗೋಡೆಯ ಮೇಲೆ ಇಳಿಯಲಿ. ಅಲುಗಾಡಿಸಿ ನೊರೆ ಬರಿಸಿದರೆ ಪ್ರೋಟೀನ್ ಕೆಡುತ್ತದೆ, ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಕರಗದ ಕಣ ಕಂಡರೆ ಬಳಸಬೇಡಿ. ಫಿಲ್ಟರ್ ಸೂಜಿಯಿಂದ ಸಿರಿಂಜಿಗೆ ಎಳೆದು, ಸೂಜಿ ಬದಲಿಸಿ, 23 ಅಥವಾ 25 ಗೇಜಿನ ಬಟರ್‌ಫ್ಲೈನಿಂದ ನರಕ್ಕೆ ನಿಧಾನವಾಗಿ ಕೊಡುತ್ತಾರೆ. ಬೆರೆಸಿದ ಮೇಲೆ ಕಾಗದದಲ್ಲಿ ಹೇಳಿದ ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರಿಜ್‌ಗೆ ಹಾಕುವಂತಿಲ್ಲ.

ವಯಲ್ ಮೇಲಿನ ಲೇಬಲ್ ಕಿತ್ತು ನೋಟ್‌ಬುಕ್ಕಿಗೆ ಅಂಟಿಸಿ. ಪಕ್ಕದಲ್ಲಿ ದಿನಾಂಕ, ಗಂಟೆ, ಯಾವ ಕೀಲು, ಎಷ್ಟು ಯೂನಿಟ್, ನೋವು ಯಾವಾಗ ಇಳಿಯಿತು ಎಂದು ಬರೆಯಿರಿ. ಬ್ಯಾಚ್‌ನಲ್ಲಿ ತೊಂದರೆ ಬಂದರೆ ಹುಡುಕಲು, ಇಂಡೆಂಟ್‌ಗೆ ಲೆಕ್ಕ ತೋರಿಸಲು, ಇನ್ಹಿಬಿಟರ್ ಅನುಮಾನ ಬಂದಾಗ ತಿರುವಿ ನೋಡಲು ಇದೊಂದೇ ಪುಸ್ತಕ ಸಾಕು.

ಫ್ಯಾಕ್ಟರ್ ಕೊಟ್ಟರೂ ಊತ ಇಳಿಯುತ್ತಿಲ್ಲ. ಏಕೆ?

ಡೋಸ್ ಕಡಿಮೆಯಾಗಿರಬಹುದು, ತಡವಾಗಿ ಕೊಟ್ಟಿರಬಹುದು, ಔಷಧ ಬಿಸಿಗೆ ಕೆಟ್ಟಿರಬಹುದು. ಇವ್ಯಾವುವೂ ಅಲ್ಲದಿದ್ದರೆ ಇನ್ಹಿಬಿಟರ್. ಹೊರಗಿನಿಂದ ಬಂದ ಫ್ಯಾಕ್ಟರನ್ನು ದೇಹ ಶತ್ರುವೆಂದು ಕಂಡು ಪ್ರತಿಕಾಯ ತಯಾರಿಸುತ್ತದೆ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗಬಹುದು, ಹೆಚ್ಚಾಗಿ ಚಿಕಿತ್ಸೆಯ ಮೊದಮೊದಲ ದಿನಗಳಲ್ಲೇ. ಅದಕ್ಕಾಗಿ ಫ್ಯಾಕ್ಟರ್ ಪಡೆದ ಮೊದಲ 20 ದಿನಗಳವರೆಗೆ ಪ್ರತಿ 5 ದಿನಕ್ಕೊಮ್ಮೆ, 21ರಿಂದ 50ರವರೆಗೆ ಪ್ರತಿ 10ಕ್ಕೊಮ್ಮೆ, ಆಮೇಲೆ 150 ಆಗುವವರೆಗೆ ವರ್ಷಕ್ಕೆ ಎರಡು ಸಲವಾದರೂ ಪರೀಕ್ಷೆ ಮಾಡಿಸಬೇಕು. ಇಲ್ಲಿ ದಿನ ಎಂದರೆ ಔಷಧ ಪಡೆದ ದಿನ ಮಾತ್ರ. ದೊಡ್ಡ ಆಪರೇಷನ್‌ಗೆ ಮೊದಲೂ ಮಾಡಿಸಬೇಕು.

ಫಲಿತಾಂಶ ಇನ್ಹಿಬಿಟರ್ ಅಳೆಯುವ ಬೆಥೆಸ್ಡಾ ಯೂನಿಟ್‌ನಲ್ಲಿ ಬರುತ್ತದೆ. 5ಕ್ಕಿಂತ ಹೆಚ್ಚಿದ್ದರೆ ಮಾಮೂಲಿ ಫ್ಯಾಕ್ಟರ್ ಕೆಲಸ ಮಾಡುವುದಿಲ್ಲ. ಎಂಟು, ಒಂಬತ್ತರ ಹಂಗಿಲ್ಲದೆ ಬೇರೆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಬೈಪಾಸಿಂಗ್ ಔಷಧ ಬೇಕು: ರಿಕಾಂಬಿನಂಟ್ ಸಕ್ರಿಯ ಏಳನೆಯ ಫ್ಯಾಕ್ಟರ್ ಕೆ.ಜಿ.ಗೆ 90 ಮೈಕ್ರೋಗ್ರಾಂನಂತೆ 2–3 ಗಂಟೆಗೊಮ್ಮೆ, ಅಥವಾ ಎಪಿಸಿಸಿ (ಹಲವು ಫ್ಯಾಕ್ಟರುಗಳ ಸಕ್ರಿಯ ಮಿಶ್ರಣ) ಕೆ.ಜಿ.ಗೆ 50ರಿಂದ 100 ಯೂನಿಟ್, ದಿನಕ್ಕೆ ಕೆ.ಜಿ.ಗೆ 200 ಮೀರದಂತೆ. ಇವು ಫ್ಯಾಕ್ಟರಿಗಿಂತಲೂ ಅಪರೂಪ, ಬೆಲೆಯೂ ಬಹಳ. ಇನ್ಹಿಬಿಟರ್ ಇದೆ ಎಂದು ಗೊತ್ತಾದ ದಿನವೇ ಜಿಲ್ಲಾ ಆಸ್ಪತ್ರೆಗೆ ಮತ್ತು ಶಾಖೆಗೆ ಲಿಖಿತವಾಗಿ ತಿಳಿಸಿ. ಇವನ್ನು ತರಿಸಲು ಸಮಯ ಬೇಕು.

ಎಮಿಸಿಝುಮಾಬ್ ಎಂಬ ಹೊಸ ಇಂಜೆಕ್ಷನ್ ನಮ್ಮ ಮಗುವಿಗೆ ಆಗುತ್ತದೆಯೇ?

ಹಿಮೋಫಿಲಿಯಾ ಎ ಇದ್ದರೆ ಆಗಬಹುದು, ಇನ್ಹಿಬಿಟರ್ ಇದ್ದರೂ ಸರಿ. ಬಿ ಇದ್ದರೆ ಇಲ್ಲ. ಚರ್ಮದ ಕೆಳಗೆ ಚುಚ್ಚುವುದರಿಂದ ನರ ಹುಡುಕುವ ಸಂಕಟವಿಲ್ಲ. ಮೊದಲ ನಾಲ್ಕು ವಾರ ವಾರಕ್ಕೆ ಕೆ.ಜಿ.ಗೆ 3 ಮಿ.ಗ್ರಾಂ. ಆಮೇಲೆ ವಾರಕ್ಕೆ 1.5, ಎರಡು ವಾರಕ್ಕೆ 3 ಅಥವಾ ನಾಲ್ಕು ವಾರಕ್ಕೆ 6 ಮಿ.ಗ್ರಾಂ. 14 ಕೆ.ಜಿ. ಮಗುವಿಗೆ ನಾಲ್ಕು ವಾರಕ್ಕೊಮ್ಮೆ ಆದರೆ 84 ಮಿ.ಗ್ರಾಂ. 30 ಮಿ.ಗ್ರಾಂ ವಯಲ್‌ನ ಸಾಂದ್ರತೆ ಬೇರೆ, 60, 105, 150ರವುಗಳದ್ದು ಬೇರೆ. ಇವೆರಡನ್ನೂ ಒಂದೇ ಸಿರಿಂಜಿನಲ್ಲಿ ಸೇರಿಸಬಾರದು.

ಇದು ತಡೆಯುವ ಔಷಧ. ಆಗಲೇ ಶುರುವಾದ ರಕ್ತಸ್ರಾವಕ್ಕೆ ಫ್ಯಾಕ್ಟರ್ ಬೇಕೇ ಬೇಕು, ಆದ್ದರಿಂದ ನೋಂದಣಿ ಬಿಡಬೇಡಿ. ಇದರ ಮೇಲೆ ಎಪಿಸಿಸಿ ಹೆಚ್ಚು ಕೊಟ್ಟರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿದೆ. ಎಪಿಟಿಟಿ ಪರೀಕ್ಷೆಯೂ ತಪ್ಪಾಗಿ ಸರಿಯೆಂದು ತೋರಿಸುತ್ತದೆ. ಔಷಧದ ಪ್ರಭಾವ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಇರುವುದರಿಂದ ಯಾವುದೇ ಆಸ್ಪತ್ರೆಗೆ ಹೋದರೂ ಮೊದಲ ವಾಕ್ಯದಲ್ಲೇ ಇದನ್ನು ಹೇಳಿ. ಶುರು ಮಾಡುವ ಮುನ್ನ ಮುಂದಿನ ತಿಂಗಳುಗಳ ಪೂರೈಕೆ ಯಾರದ್ದು ಎಂದು ಖಚಿತಪಡಿಸಿಕೊಳ್ಳಿ.

ಕೊಂಡುಕೊಳ್ಳಬೇಕಾಗಿ ಬಂದರೆ ಹಣಕ್ಕೆ ದಾರಿ?

ಎಂಟು, ಒಂಬತ್ತು ಎರಡೂ ಫ್ಯಾಕ್ಟರ್‌ಗಳು ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿ. ಬಿಲ್ಲಿಲ್ಲದೆ ಯಾರದೋ ಫ್ರಿಜ್‌ನಿಂದ ಬಂದ ವಯಲ್ ಬೇಡ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ನಿಮ್ಮ ಮಗುವಿನ ಚಿಕಿತ್ಸೆ ಯಾವ ಪ್ಯಾಕೇಜಿನೊಳಗೆ ಬರುತ್ತದೆ ಎಂದು ದಾಖಲಾಗುವ ಮೊದಲು ಆರೋಗ್ಯಮಿತ್ರರನ್ನು ಕೇಳಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರದೊಂದಿಗೆ ಅರ್ಜಿ ಹಾಕಬಹುದು, ಶಾಸಕರ ಪತ್ರ ಜತೆಗಿದ್ದರೆ ಅನುಕೂಲ. ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ 80ಡಿಡಿಬಿ ಅಡಿಯಲ್ಲಿ 40,000 ರೂಪಾಯಿವರೆಗೆ ಕಡಿತ ಪಡೆಯಬಹುದು, ತಜ್ಞರ ಚೀಟಿ ಬೇಕು. ವೆಲ್ಲೂರು, ಬೆಂಗಳೂರಿಗೆ ಚಿಕಿತ್ಸೆಗಾಗಿ ಹೋಗುವವರಿಗೆ ರೈಲ್ವೆಯ ರಿಯಾಯಿತಿ ಇದೆ, ನಿಗದಿತ ನಮೂನೆಯಲ್ಲಿ ವೈದ್ಯರ ಸಹಿ ಮಾಡಿಸಿ.

ವಾಟ್ಸ್ಆ್ಯಪ್‌ನಲ್ಲಿ ಮಗುವಿನ ಫೋಟೊ ಹಾಕಿ ಹಣ ಕೇಳುವ ಮುನ್ನ ಯೋಚಿಸಿ. ಆ ಫೋಟೊ ಮಗು ದೊಡ್ಡವನಾದ ಮೇಲೂ ತಿರುಗುತ್ತಿರುತ್ತದೆ. ಕೇಳಲೇಬೇಕಾದರೆ ಆಸ್ಪತ್ರೆಯ ಖಾತೆಗೇ ಹಣ ಹೋಗುವಂತೆ ಮಾಡಿ.

ಅಂಗವಿಕಲರ ಕಾರ್ಡ್ ಮಾಡಿಸಬೇಕೇ? ಮಗು ಓಡಾಡುತ್ತಿದ್ದಾನಲ್ಲ?

ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಹಿಮೋಫಿಲಿಯಾ ಒಂದು. ಅಂಗವಿಕಲರ ಗುರುತಿನ ಕಾರ್ಡಿನ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಹೆಚ್ಚಿನ ಸವಲತ್ತುಗಳಿಗೆ ಶೇ. 40 ಅಂಗವೈಕಲ್ಯ ಬೇಕು. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಕೀಲು ಬಿಸಿಯಾಗಿ ಜುಮುಗುಟ್ಟಿದರೆ ಸಾಕು, ಊತಕ್ಕೆ ಕಾಯದೆ ಫ್ಯಾಕ್ಟರ್. ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ, ಕಾಲು ಎತ್ತರಕ್ಕೆ, ವಿಶ್ರಾಂತಿ. ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಸುವುದು, ಪಟ್ಟು ಹಾಕಿ ಬಿಗಿಯಾಗಿ ಕಟ್ಟಿಸುವುದು ಬೇಡವೇ ಬೇಡ. ಅಜ್ಜಿ ಪ್ರೀತಿಯಿಂದ ಹೇಳುತ್ತಾರೆ, ಅವರಿಗೆ ಗೌರವದಿಂದಲೇ ವಿವರಿಸಿ. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ.

ವಸಡಿಗೆ ಮೀನಿನ ಮುಳ್ಳು ಚುಚ್ಚಿಯೋ ಹಲ್ಲು ಬಿದ್ದೋ ರಕ್ತ ನಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಒಳ್ಳೆಯ ಸಹಾಯಕ, ಸಾಮಾನ್ಯವಾಗಿ ಕೆ.ಜಿ.ಗೆ 25 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಫ್ಯಾಕ್ಟರ್ ಉಳಿಸುತ್ತದೆ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ಮಾತ್ರ ಕೊಡಬಾರದು.

ಲಸಿಕೆ, ಕಿವಿ ಚುಚ್ಚುವುದು, ಮುಂಜಿ?

ಲಸಿಕೆ ತಪ್ಪಿಸಬೇಡಿ. ಸ್ನಾಯುವಿಗೆ ಕೊಡುವ ಬದಲು ಚರ್ಮದ ಕೆಳಗೆ ಕೊಡಬಹುದೇ ಎಂದು ಕೇಳಿ. ಸ್ನಾಯುವಿಗೇ ಬೇಕಾದರೆ ಅತಿ ಸಣ್ಣ ಸೂಜಿ, ಆಮೇಲೆ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯುವುದು. ಕಿವಿ ಚುಚ್ಚುವುದು, ಸುನ್ನತ್, ಹಲ್ಲು ಕೀಳಿಸುವುದು ಎಲ್ಲವೂ ಫ್ಯಾಕ್ಟರ್ ಕೈಯಲ್ಲಿರುವಾಗ, ಆಸ್ಪತ್ರೆಯಲ್ಲಿ, ತಜ್ಞರ ಯೋಜನೆಯಂತೆ. ಸುನ್ನತ್ ಆದ ಮೇಲೆ ಹಲವು ದಿನ ಡೋಸ್ ಬೇಕಾಗುವುದರಿಂದ ಪೂರ್ತಿ ಅವಧಿಗೆ ವಯಲ್ ಖಾತ್ರಿಯಾಗದೆ ದಿನ ಗೊತ್ತು ಮಾಡಬೇಡಿ. ಉಪನಯನದಲ್ಲಿ ಕ್ಷೌರಕ್ಕೆ ಬ್ಲೇಡಿನ ಬದಲು ಟ್ರಿಮ್ಮರ್ ಸಾಕು.

ಶಾಲೆಗೆ ಹೇಳಬೇಕೇ?

ಹೇಳಿ, ಬರೆದು ಕೊಡಿ. ಕಬಡ್ಡಿ ಬೇಡ, ಈಜು ತುಂಬ ಒಳ್ಳೆಯದು. ತಲೆಗೆ ಪೆಟ್ಟಾದರೆ ಮನೆಯವರಿಗಾಗಿ ಕಾಯದೆ ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ಪತ್ರದಲ್ಲಿರಲಿ.

ನಾವು ಕಾಸರಗೋಡಿನವರು, ಮಂಗಳೂರಿನಲ್ಲಿ ತೋರಿಸುತ್ತೇವೆ.

ವೈದ್ಯರ ಸಲಹೆ ಇಲ್ಲಿ ಪಡೆಯಿರಿ, ಉಚಿತ ಔಷಧಕ್ಕೆ ಕೇರಳದ ಆಶಾಧಾರಾ ಯೋಜನೆಯಲ್ಲಿ ನಿಮ್ಮ ಜಿಲ್ಲೆಯಲ್ಲೇ ಹೆಸರು ನೋಂದಾಯಿಸಿ. ರಾತ್ರಿ ತುರ್ತಾಗಿ ಮಂಗಳೂರಿಗೆ ಬರುವಾಗ ಅಲ್ಲಿಂದ ಸಿಕ್ಕ ವಯಲ್ ತಂಪು ಪೆಟ್ಟಿಗೆಯಲ್ಲಿ ಜತೆಗಿರಲಿ.

ಜೀನ್ ಥೆರಪಿಯಿಂದ ಪೂರ್ತಿ ವಾಸಿಯಾಗುತ್ತದಂತೆ?

ವೆಲ್ಲೂರಿನ ಸಿಎಂಸಿಯಲ್ಲಿ ತೀವ್ರ ಹಿಮೋಫಿಲಿಯಾ ಎ ಇದ್ದ 5 ಮಂದಿಗೆ ಪ್ರಯೋಗವಾಗಿ ಮಾಡಿದ ಚಿಕಿತ್ಸೆಯ ಒಳ್ಳೆಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಗಿದೆ. ಅವರೆಲ್ಲ ವಯಸ್ಕರು. ಪುಟ್ಟ ಮಗುವಿಗೆ ಇಂದು ಸಿಗುವ ಚಿಕಿತ್ಸೆ ಅದಲ್ಲ. ಅದಕ್ಕೆ ಕಾಯುತ್ತಾ ಈಗಿನ ಡೋಸ್ ಬಿಡಬೇಡಿ.

ಮನೆಯ ಇತರರಿಗೂ ಪರೀಕ್ಷೆ ಬೇಕೇ?

ತಾಯಿ, ಅಕ್ಕತಂಗಿಯರು, ತಾಯಿಯ ಅಕ್ಕತಂಗಿಯರು ವಾಹಕರಿರಬಹುದು, ಅಂದರೆ ಕಾಯಿಲೆಯ ಜೀನ್ ಹೊತ್ತಿರಬಹುದು. ವಾಹಕ ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ಮೂರರಲ್ಲಿ ಒಂದು ಪಾಲು ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ, ಹಾಗಾಗಿ ತಾಯಿಯನ್ನು ದೂರುವುದು ಅನ್ಯಾಯ. ವಾಹಕರಲ್ಲೂ ಫ್ಯಾಕ್ಟರ್ ಕಡಿಮೆಯಿರಬಹುದು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವ ಅಕ್ಕನಿಗೂ ಮಟ್ಟ ನೋಡಿಸಿ. ಮುಂದಿನ ಬಸಿರಿಗೆ ಮುಂಚೆ ಜೀನ್ ಪರೀಕ್ಷೆ ಮಾಡಿಸಿಟ್ಟರೆ ಬಸಿರಿನ ಆರಂಭದಲ್ಲೇ ತಪಾಸಣೆ ಸಾಧ್ಯ. ಹೆರಿಗೆ ಎಲ್ಲಿ ಎಂದು ಗೊತ್ತಾದ ಕೂಡಲೇ ಆ ಆಸ್ಪತ್ರೆಗೆ ತಿಳಿಸಿ, ಫೋರ್ಸೆಪ್ಸ್, ವ್ಯಾಕ್ಯೂಮ್ ಬಳಸದಂತೆ ಕಡತದಲ್ಲಿ ಬರೆಸಿ, ಹುಟ್ಟಿದ ಗಂಡುಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೇ ಎಂಟನೆಯ ಫ್ಯಾಕ್ಟರ್ ಮಟ್ಟ ನೋಡಿಸಿ. ಒಂಬತ್ತನೆಯದು ನವಜಾತರಲ್ಲಿ ಸಹಜವಾಗಿಯೇ ಕಡಿಮೆಯಿರುವುದರಿಂದ ಆರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಬೇಕು.